ಶಿವಮೊಗ್ಗ ಸುಬ್ಬಣ್ಣ: ಧ್ವನಿಸುರುಳಿಯಿಂದ ಅಡಕಮುದ್ರಿಕೆಗೆ ಹರಿದ ಹಾಡುಗಳು

ಕನ್ನಡ ಸುಗಮ ಸಂಗೀತದಲ್ಲಿ ಊರಿನ ಹೆಸರೇ ಗಾಯಕನ ಹೆಸರಾಗಿ ನಿಂತ ಉದಾಹರಣೆಗಳಲ್ಲಿ ಶಿವಮೊಗ್ಗ ಸುಬ್ಬಣ್ಣ ಅವರದು ಪ್ರಮುಖವಾದುದು. ಹುಟ್ಟುಹೆಸರು ಜಿ. ಸುಬ್ರಹ್ಮಣ್ಯ. ಜನನ 1938ರ ಡಿಸೆಂಬರ್ 14, ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ. ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ಗಾಯಕರು. ಚಲನಚಿತ್ರ ಹಿನ್ನೆಲೆ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ. 2022ರ ಆಗಸ್ಟ್ 11ರಂದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ, 83ನೇ ವಯಸ್ಸಿನಲ್ಲಿ ನಿಧನರಾದರು.

ಇಷ್ಟು ವಿವರ ಯಾವ ಪರಿಚಯ ಪುಟದಲ್ಲಾದರೂ ಸಿಗುತ್ತದೆ. ಅವರು ಹಾಡಿದ್ದೆಲ್ಲವನ್ನೂ ಒಂದೆಡೆ ಕೂಡಿಸಿ ಕೇಳಬೇಕೆಂದು ಹೊರಟರೆ ಮಾತ್ರ ದಾರಿ ಅಷ್ಟು ಸಲೀಸಲ್ಲ. ಕುವೆಂಪು ಅವರ ಕವಿತೆ ಒಂದು ಮುದ್ರಿಕೆಯಲ್ಲಿ, ಶರೀಫರ ತತ್ತ್ವಪದ ಇನ್ನೊಂದರಲ್ಲಿ, ಚಿತ್ರಗೀತೆ ಮತ್ತೊಂದು ಕಡೆ, ಆಕಾಶವಾಣಿಯ ಧ್ವನಿಮುದ್ರಣ ಬೇರೆಲ್ಲೋ. ನಾಲ್ಕು ದಶಕಗಳ ಗಾಯನ ಕವಿಗಳ ಹೆಸರಿನಲ್ಲಿ, ರಾಗ ಸಂಯೋಜಕರ ಹೆಸರಿನಲ್ಲಿ, ಕಂಪೆನಿಗಳ ಹೆಸರಿನಲ್ಲಿ ಹಂಚಿಹೋಗಿದೆ. ಹೀಗೇಕೆ ಆಯಿತು ಎಂಬುದನ್ನು ತಿಳಿಯಲು ಸುಗಮ ಸಂಗೀತದ ಒಳರಚನೆಯನ್ನೇ ನೋಡಬೇಕಾಗುತ್ತದೆ.

ಮೂವರು ಕೂಡಿ ಕಟ್ಟುವ ಹಾಡು

ಮಾತು ಮತ್ತು ಗೇಯ ಎರಡನ್ನೂ ತಾನೇ ರಚಿಸುವವನನ್ನು ನಮ್ಮ ಪರಂಪರೆ ವಾಗ್ಗೇಯಕಾರ ಎಂದು ಕರೆದಿದೆ. ಪುರಂದರದಾಸರಿಂದ ಶಿಶುನಾಳ ಶರೀಫರವರೆಗೆ ಕನ್ನಡದ ದೊಡ್ಡ ಹಾಡುಗಾರರೆಲ್ಲ ಈ ಬಗೆಯವರು. ಹಾಡು ಹುಟ್ಟುವಾಗಲೇ ಧಾಟಿಯೊಡನೆ ಹುಟ್ಟುತ್ತಿತ್ತು; ಬರೆದವನೇ ಏಕತಾರಿ ಹಿಡಿದು ಹಾಡುತ್ತಿದ್ದ.

ಇಪ್ಪತ್ತನೆಯ ಶತಮಾನದ ಭಾವಗೀತೆ ಈ ಏಕತ್ವವನ್ನು ಮುರಿಯಿತು. ಕವಿ ಬರೆದದ್ದು ಓದುವುದಕ್ಕಾಗಿ, ಪುಸ್ತಕದ ಪುಟಕ್ಕಾಗಿ. ಅದನ್ನು ಹಾಡಾಗಿ ಮಾಡುವ ಕೆಲಸ ಬೇರೆಯವರ ಪಾಲಿಗೆ ಬಂತು. ಉಡುಪಿ ಸೀಮೆಯ ಆರೂರಿನ ಪಿ. ಕಾಳಿಂಗರಾವ್ (1914–1981) ನವೋದಯ ಕವಿಗಳ ರಚನೆಗಳನ್ನು ವೇದಿಕೆಯ ಮೇಲೆ ಹಾಡಿ, ಗ್ರಾಮಫೋನ್ ತಟ್ಟೆಗಳ ಮೂಲಕ ಮನೆಮನೆಗೆ ಮುಟ್ಟಿಸಿದರು. ಸೋಹನ್ ಕುಮಾರಿ, ಮೋಹನ್ ಕುಮಾರಿ ಸಹೋದರಿಯರು ಅವರ ಜೊತೆಗೂಡಿ ಹಾಡುತ್ತಿದ್ದರು. ಆ ಕಾಲದ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಹೆಚ್ಚೆಂದರೆ ಮೂರು, ಮೂರೂವರೆ ನಿಮಿಷ. ದೀರ್ಘ ಕವಿತೆಯ ನುಡಿಗಳು ಕತ್ತರಿಗೆ ಸಿಗುತ್ತಿದ್ದುದು ಆಗಲೇ ಆರಂಭವಾಗಿತ್ತು ಎನ್ನಬೇಕು.

ಕಾಳಿಂಗರಾಯರ ನಂತರ ಮೈಸೂರು ಅನಂತಸ್ವಾಮಿ (1936–1995) ಮತ್ತು ಸಿ. ಅಶ್ವತ್ಥ್ (1939–2009) ಈ ಕಲೆಗೆ ಎರಡು ಕವಲು ಮೂಡಿಸಿದರು. ಇಬ್ಬರೂ ಸ್ವತಃ ಗಾಯಕರು, ಸ್ವತಃ ರಾಗ ಸಂಯೋಜಕರು. ಅನಂತಸ್ವಾಮಿ ಅವರದು ಕವಿತೆಯ ಪಕ್ಕದಲ್ಲಿ ಮೆಲ್ಲನೆ ನಡೆಯುವ ಸಂಗೀತ. ಅಶ್ವತ್ಥ್ ಅವರದು ಕವಿತೆಯ ಕೈಹಿಡಿದು ರಂಗಕ್ಕೆ ಎಳೆತರುವ ಸಂಗೀತ. ಕವಿ, ಸಂಯೋಜಕ, ಗಾಯಕ ಎಂಬ ಮೂರು ಸ್ಥಾನಗಳು ಈ ಹೊತ್ತಿಗೆ ಸ್ಪಷ್ಟವಾಗಿ ಬೇರೆಬೇರೆಯಾಗಿದ್ದವು. ಸುಬ್ಬಣ್ಣ ಅವರ ಹೆಸರು ಮುಖ್ಯವಾಗಿ ನಿಂತದ್ದು ಮೂರನೆಯ ಸ್ಥಾನದಲ್ಲಿ. ಮುದ್ರಿಕೆಯ ಹೊದಿಕೆಯ ಮೇಲೆ ಅತ್ಯಂತ ಸಣ್ಣ ಅಕ್ಷರದ ಸ್ಥಾನವೂ ಬಹುಮಟ್ಟಿಗೆ ಅದೇ!

ನಗರದಿಂದ ಬೆಂಗಳೂರಿಗೆ

ಸುಬ್ಬಣ್ಣ ಹುಟ್ಟಿದ ನಗರ, ಹೆಸರಿಗೆ ಮಾತ್ರ ನಗರ. ಕೆಳದಿ ಅರಸರ ರಾಜಧಾನಿಯಾಗಿ ಬಿದನೂರು ಎನಿಸಿಕೊಂಡಿದ್ದ ಈ ಊರನ್ನು 1763ರಲ್ಲಿ ಹೈದರಾಲಿ ವಶಪಡಿಸಿಕೊಂಡು ಹೈದರನಗರವೆಂದು ಕರೆದ. ರಾಜ್ಯ ಹೋಯಿತು, ಹೈದರನೂ ಹೋದ, ನಗರ ಎಂಬ ಬಾಲವಷ್ಟೇ ಮಲೆನಾಡಿನ ಮಳೆಯಲ್ಲಿ ಉಳಿಯಿತು. ಮನೆಯಲ್ಲಿ ತಾತನ ಕಾಲದಿಂದಲೂ ಸಂಗೀತದ ವಾತಾವರಣವಿತ್ತು.

ಓದಿದ್ದು ಕಾನೂನು. ಬೆಂಗಳೂರಿನಲ್ಲಿ ವಕೀಲಿ ವೃತ್ತಿ ನಡೆಸುತ್ತಲೇ ಹಾಡುಗಾರಿಕೆಯನ್ನು ಉಳಿಸಿಕೊಂಡವರು ಅವರು. 1960ರ ದಶಕದ ಆರಂಭದಲ್ಲೇ ಆಕಾಶವಾಣಿಯ ಗಾಯಕರಾದರು. ಸುಗಮ ಸಂಗೀತವನ್ನೇ ನಂಬಿ ಸಂಸಾರ ತೂಗಿಸುವುದು ಆ ದಿನಗಳಲ್ಲಿ ಹೆಚ್ಚಿನವರಿಗೆ ಸಾಧ್ಯವಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅಶ್ವತ್ಥ್ ಭಾರತೀಯ ದೂರವಾಣಿ ಕಾರ್ಖಾನೆಯಲ್ಲಿ, ಅಂದರೆ ಐ.ಟಿ.ಐ.ಯಲ್ಲಿ, ಎರಡೂವರೆ ದಶಕಕ್ಕೂ ಹೆಚ್ಚು ಕಾಲ ನೌಕರಿ ಮಾಡಿದವರು. ಸುಬ್ಬಣ್ಣ ಕರಿಕೋಟು ತೊಟ್ಟು ನ್ಯಾಯಾಲಯಕ್ಕೆ ಹೋಗಿಬಂದು ಸಂಜೆ ವೇದಿಕೆ ಏರುತ್ತಿದ್ದವರು. ಒಂದು ಪೀಳಿಗೆಯ ಭಾವಗೀತೆಯೆಲ್ಲ ಬಹುತೇಕ ಕಚೇರಿ ಮುಗಿದ ಮೇಲಿನ ಹಾಡು.

ಅವರ ಕಂಠದ ಗುಣವನ್ನು ಕುರಿತು ಒಂದು ಮಾತು. ತೆರೆದ ಬಾಯಿಯ, ಎತ್ತರದ ಶ್ರುತಿಯಲ್ಲೂ ಒಡೆಯದ ಶಾರೀರ ಅದು. ಅಕ್ಷರ ಸ್ಪಷ್ಟತೆ ಆ ಗಾಯನದ ಮೊದಲ ಲಕ್ಷಣ. ಒತ್ತಕ್ಷರ, ಮಹಾಪ್ರಾಣಗಳು ತಾಳದ ಸೆಳೆತಕ್ಕೆ ಸಿಕ್ಕಿ ಕರಗುವುದಿಲ್ಲ. ನಾಜೂಕಿನ ಪ್ರೇಮಗೀತೆಗಳಿಗಿಂತ ಕರೆ ಕೊಡುವ, ಕಥೆ ಹೇಳುವ, ಎಚ್ಚರಿಸುವ ಹಾಡುಗಳಲ್ಲಿ ಈ ಕಂಠ ಹೆಚ್ಚು ಒಪ್ಪುತ್ತದೆ. ಅವರ ಅಭಿಮಾನಿಗಳೆಲ್ಲ ಇದನ್ನು ಒಪ್ಪಲಾರರು. ಆದರೆ ಜನಮಾನಸದಲ್ಲಿ ಅವರ ಹೆಸರಿನೊಂದಿಗೆ ನಿಂತಿರುವ ಹಾಡುಗಳ ಪಟ್ಟಿಯೇ ಇದಕ್ಕೆ ಸಾಕ್ಷಿ.

ಕವಿಯೇ ನಿರ್ದೇಶಕ, ಕವಿಯೇ ಸಂಗೀತಗಾರ

ಆ ಪಟ್ಟಿಯಲ್ಲಿ ಮೊದಲಿನದು 'ಕಾಡು ಕುದುರೆ' ಚಿತ್ರದ ಶೀರ್ಷಿಕೆ ಗೀತೆ. ಚಂದ್ರಶೇಖರ ಕಂಬಾರರು ನಿರ್ದೇಶಿಸಿದ ಈ ಚಿತ್ರಕ್ಕೆ ಗೀತೆ ಮತ್ತು ಸಂಗೀತ ಎರಡೂ ಅವರವೇ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಕಂಬಾರರು ತಮ್ಮ ಕವಿತೆಗಳನ್ನು ತಾವೇ ಧಾಟಿ ಹಾಕಿ ಹಾಡುವವರು. ಆಧುನಿಕ ಕನ್ನಡದಲ್ಲಿ ವಾಗ್ಗೇಯಕಾರ ಎಂಬ ಹಳೆಯ ಪದ ನಿಜಾರ್ಥದಲ್ಲಿ ಅನ್ವಯಿಸುವ ಕೆಲವೇ ಲೇಖಕರಲ್ಲಿ ಒಬ್ಬರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ. 2010ನೇ ಸಾಲಿನ ಜ್ಞಾನಪೀಠ ಪುರಸ್ಕೃತರು.

ಉತ್ತರ ಕರ್ನಾಟಕದ ಜಾನಪದ ಲಯದಲ್ಲಿ ಹುಟ್ಟಿದ ಹಾಡನ್ನು ಮಲೆನಾಡಿನ ಗಾಯಕನೊಬ್ಬ ಹಾಡಬೇಕಾಗಿ ಬಂದುದು ಈ ಗೀತೆಯ ವಿಶೇಷ. ಕುದುರೆಯ ಓಟದ ಗತಿಯನ್ನು ಲಯದಲ್ಲೇ ಹಿಡಿದಿಟ್ಟ ರಚನೆ ಅದು. ಭಾವಗೀತೆಯ ಗಾಯಕರಿಗೆ ಅಭ್ಯಾಸವಾದ ನಯವಾದ ಎಳೆತ ಇಲ್ಲಿ ಕೆಲಸಕ್ಕೆ ಬಾರದು. ಸುಬ್ಬಣ್ಣ ದನಿಯನ್ನು ಒರಟಾಗಿಸದೆ ಬೀಸು ತಂದರು. 1978ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕನಿಗೆ ಮೀಸಲಾದ ರಜತ ಕಮಲ ಅವರಿಗೆ ಸಂದಿತು.

ಈ ಪ್ರಶಸ್ತಿಯ ಮೌಲ್ಯ ತಿಳಿಯಲು ಹಿಂದುಮುಂದಿನ ಹೆಸರುಗಳನ್ನು ಗಮನಿಸಿದರೆ ಸಾಕು. 1976ನೇ ಸಾಲಿನಲ್ಲಿ ಅದನ್ನು ಪಡೆದವರು ಕೆ.ಜೆ. ಯೇಸುದಾಸ್, 1977ನೇ ಸಾಲಿನಲ್ಲಿ ಮಹಮ್ಮದ್ ರಫಿ, 1979ನೇ ಸಾಲಿನಲ್ಲಿ 'ಶಂಕರಾಭರಣಂ' ಚಿತ್ರಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ. ರಫಿ ಮತ್ತು ಎಸ್.ಪಿ.ಬಿ. ನಡುವಿನ ಸಾಲಿನಲ್ಲಿ ಶಿವಮೊಗ್ಗದ ವಕೀಲರ ಹೆಸರಿದೆ. ಇಷ್ಟಾದರೂ ಚಿತ್ರರಂಗ ಅವರನ್ನು ಕಾಯಂ ಗಾಯಕರನ್ನಾಗಿ ಬಳಸಿಕೊಳ್ಳಲಿಲ್ಲ. ನಾಯಕನಟನ ತುಟಿಚಲನೆಗೆ ಹೊಂದುವ ದನಿಯನ್ನು ಹುಡುಕುವ ಉದ್ಯಮಕ್ಕೆ, ತನ್ನದೇ ಚಹರೆಯುಳ್ಳ ಇಂಥ ದನಿ ಬೇಕಿರಲಿಲ್ಲವೇನೋ.

ಅರ್ಧ ಗಂಟೆಯ ಮಗ್ಗುಲು

ರಾಷ್ಟ್ರಪ್ರಶಸ್ತಿಯ ವರ್ಷವೇ ಕನ್ನಡ ಭಾವಗೀತೆಗೆ ಇನ್ನೊಂದು ತಿರುವು ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಹೊರಬಂದಿತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಅದನ್ನು ಗುರುತಿಸಲಾಗಿದೆ. ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಬೋಧಿಸಿದವರು ಎಂಬುದನ್ನು ಈ ಊರಿನವರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಪರಿಚಯಿಸಿದ ಈ ಪುಟ್ಟ ಸುರುಳಿ ಭಾರತದ ಮಧ್ಯಮ ವರ್ಗದ ಮನೆಗಳಿಗೆ ತಲುಪಿದ್ದು ತಡವಾಗಿಯೇ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ನಾಲ್ಕು ಮಿಲಿಮೀಟರಿಗೂ ಕಿರಿದಾದ, ಸುಮಾರು 90 ಮೀಟರ್ ಉದ್ದದ ಪಟ್ಟಿ ಇರುತ್ತದೆ, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಅದು ತಲೆಯ ಮುಂದೆ ಹಾಯುತ್ತದೆ. ಒಂದು ಮಗ್ಗುಲಿಗೆ ಅರ್ಧ ಗಂಟೆ. ಐದಾರು ನಿಮಿಷದ ಹಾಡುಗಳಾದರೆ ಮಗ್ಗುಲಿಗೆ ಐದು, ಒಟ್ಟು ಹತ್ತು. ಒಬ್ಬ ಕವಿಯ ಒಂದು ಕವನ ಸಂಕಲನದಿಂದ ಹತ್ತು ಹಾಡು ಆರಿಸಿ ಒಂದು ಸುರುಳಿ ಮಾಡುವ ಪದ್ಧತಿ ಈ ಲೆಕ್ಕಾಚಾರದಿಂದಲೇ ಬೆಳೆಯಿತು. ಲಹರಿ, ಸಂಗೀತಾ ಮೊದಲಾದ ಬೆಂಗಳೂರಿನ ಸಂಸ್ಥೆಗಳು ಮುಂದಿನ ಎರಡು ದಶಕಗಳಲ್ಲಿ ಇಂಥ ಸುರುಳಿಗಳನ್ನು ಹೇರಳವಾಗಿ ತಂದವು.

ಪರಿಣಾಮವಾಗಿ ಸುರುಳಿಗೆ ಕವಿಯ ಹೆಸರು ಅಂಟಿಕೊಂಡಿತು. ಒಂದೊಂದರಲ್ಲೂ ನಾಲ್ಕೈದು ಮಂದಿ ಗಾಯಕರು ಹಾಡನ್ನು ಹಂಚಿಕೊಂಡರು. ಕೇಳುಗನಿಗೆ ವೈವಿಧ್ಯ ಸಿಕ್ಕಿತು, ಗಾಯಕನಿಗೆ ತನ್ನದೇ ಎನ್ನಬಹುದಾದ ಸಂಪುಟ ಸಿಗಲಿಲ್ಲ. ಸುಬ್ಬಣ್ಣ ಅವರ ಹಾಡುಗಳು ಹತ್ತಾರು ಕಡೆ ಚೆದುರಿರುವುದಕ್ಕೆ ಮೂಲ ಕಾರಣ ಇದು.

ಶರೀಫರ ಪದ, ಮೂರು ಮರುಹುಟ್ಟು

ಈ ಚೆದುರಿದ ರಾಶಿಯಲ್ಲಿ ಅತ್ಯಂತ ತೂಕದ ಭಾಗ ಶಿಶುನಾಳ ಶರೀಫರ ತತ್ತ್ವಪದಗಳು. ಇಂದಿನ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಕಳಸದ ಗೋವಿಂದಭಟ್ಟರ ಶಿಷ್ಯರು. ಮುಸ್ಲಿಂ ಮನೆತನದ ಶಿಷ್ಯ, ಬ್ರಾಹ್ಮಣ ಗುರು. ಮೊಹರಂ ಹಬ್ಬಕ್ಕೆ ರಿವಾಯತ್ ಪದಗಳನ್ನೂ, ಭಜನೆಗೆ ತತ್ತ್ವಪದಗಳನ್ನೂ ಕಟ್ಟಿದ ಹಾಡುಗಾರ. ಆ ಪದಗಳು ಬಾಯಿಂದ ಬಾಯಿಗೆ ಸಾಗಿದವು; ಭಜನಾ ಮೇಳಗಳೇ ಅವುಗಳ ಗ್ರಂಥಭಂಡಾರ.

ಹಳೆ ಧಾರವಾಡ ಸೀಮೆಯ ಈ ಸಂಪತ್ತು ನಗರಗಳ ಕೇಳುಗರಿಗೆ ವ್ಯಾಪಕವಾಗಿ ತಲುಪಿದ್ದು 1980ರ ದಶಕದಲ್ಲಿ. ಶಿವಮೊಗ್ಗದಲ್ಲೇ ಹುಟ್ಟಿದ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು (1936–2021) ಪದಗಳನ್ನು ಸಂಪಾದಿಸಿ ಪರಿಚಯಿಸಿದರು, ಅಶ್ವತ್ಥ್ ಧಾಟಿ ಕೂಡಿಸಿದರು, ಸುಬ್ಬಣ್ಣ ಮತ್ತು ಅಶ್ವತ್ಥ್ ಹಾಡಿದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' ಚಿತ್ರ ಬಂದಾಗ, ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡ್ ಗೋವಿಂದಭಟ್ಟರಾಗಿ ತೆರೆಯ ಮೇಲೆ ಕಾಣಿಸಿಕೊಂಡರು. ಸಂಗೀತ ಅಶ್ವತ್ಥ್ ಅವರದೇ.

ಭಜನಾ ಮೇಳದ ಹಾಡಿಗೂ ಧ್ವನಿಸುರುಳಿಯ ಹಾಡಿಗೂ ವ್ಯತ್ಯಾಸ ಬಹಳ. ಮೇಳದಲ್ಲಿ ಒಬ್ಬ ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯುತ್ತಾರೆ, ರಾತ್ರಿ ಬೆಳೆದಂತೆ ಗತಿ ಏರುತ್ತದೆ, ಹಾಡಿನ ಉದ್ದಕ್ಕೆ ಮಿತಿಯಿಲ್ಲ. ಧ್ವನಿಮುದ್ರಣ ಕೊಠಡಿಯಲ್ಲಿ ವಾದ್ಯಗಳ ಪೂರ್ವರಂಗ, ನಿಗದಿತ ಚರಣ, ನಿಗದಿತ ಮುಕ್ತಾಯ. ಉತ್ತರ ಕರ್ನಾಟಕದ ಹಲವು ಭಜನೆಕಾರರು 'ಇದು ನಮ್ಮ ಧಾಟಿಯಲ್ಲ' ಎಂದು ಆಕ್ಷೇಪಿಸಿದ್ದು ಅಸಹಜವೇನಲ್ಲ. ಆದರೆ ಶರೀಫರ ಹೆಸರನ್ನೇ ಕೇಳದಿದ್ದ ಹಳೆ ಮೈಸೂರಿನ ಮನೆಗಳಲ್ಲಿ ಆ ಒಗಟಿನ ಪದಗಳು ಮಕ್ಕಳ ಬಾಯಲ್ಲಿ ನಲಿದದ್ದೂ ಈ ಸುರುಳಿಗಳಿಂದಲೇ. ಸುಬ್ಬಣ್ಣ ಇವನ್ನು ಹಾಡುವಾಗ ವೇದಾಂತದ ಭಾರ ಹೊರಿಸಲಿಲ್ಲ. ಒಗಟನ್ನು ಒಗಟಾಗಿಯೇ, ಕೊಂಚ ತುಂಟತನದಿಂದ ಕೇಳುಗನ ಮುಂದಿಟ್ಟರು. ಮುದುಕಿಗೆ ಬುದ್ಧಿ ಹೇಳುವ ಪದದಲ್ಲಾಗಲಿ, ಅಳುವ ತಂಗಿಯನ್ನು ಸಂತೈಸುವ ಪದದಲ್ಲಾಗಲಿ ಮೊದಲು ಕೇಳಿಸುವುದು ಮನುಷ್ಯರ ಮಾತು, ಆಮೇಲೆ ತತ್ತ್ವ. ರಾಜ್ಯ ಸರ್ಕಾರದ ಸಂತ ಶಿಶುನಾಳ ಶರೀಫ ಪ್ರಶಸ್ತಿ ಅವರಿಗೆ ದೊರೆತದ್ದು ಈ ಹಿನ್ನೆಲೆಯಲ್ಲಿ ಸಹಜವಾಗಿತ್ತು.

ಕುವೆಂಪು ಕವಿತೆ ಮತ್ತು ಧಾಟಿಯ ತಗಾದೆ

ಸಂಗ್ರಹದ ಇನ್ನೊಂದು ದೊಡ್ಡ ಭಾಗ ಕುವೆಂಪು ಅವರ ಗೀತೆಗಳು. 'ಬಾರಿಸು ಕನ್ನಡ ಡಿಂಡಿಮವ' ಎಂದೊಡನೆ ಒಂದು ಪೀಳಿಗೆಗೆ ನೆನಪಾಗುವುದು ಸುಬ್ಬಣ್ಣ ಅವರ ಏರುದನಿ. ತೀರ್ಥಹಳ್ಳಿಯ ಕವಿ, ಹೊಸನಗರದ ಗಾಯಕ. ರಾಜ್ಯೋತ್ಸವದ ಧ್ವನಿವರ್ಧಕಗಳಿಂದ ಹೊಮ್ಮಿದ ಆ ಹಾಡಿನ ಹಿಂದೆ ಶರಾವತಿ, ತುಂಗೆಯರ ಸೀಮೆಯೇ ಇತ್ತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಮುಂದೆ ಸುಬ್ಬಣ್ಣ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಕವಿತೆಗೆ ಯಾರ ಧಾಟಿ ಎಂಬ ಪ್ರಶ್ನೆ ಎಷ್ಟು ಗಂಭೀರವಾಗಬಲ್ಲದೆಂಬುದಕ್ಕೆ ನಾಡಗೀತೆಯೇ ನಿದರ್ಶನ. ಕುವೆಂಪು ಅವರ ರಚನೆಯನ್ನು ಸರ್ಕಾರ 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಧಾಟಿಯನ್ನು ಮಾತ್ರ ನಿಗದಿಪಡಿಸಲಿಲ್ಲ. ಅನಂತಸ್ವಾಮಿ ಅವರ ಧಾಟಿಯೂ ಅಶ್ವತ್ಥ್ ಅವರ ಧಾಟಿಯೂ ಸಭೆಗಳಲ್ಲಿ ಚಾಲ್ತಿಯಲ್ಲಿದ್ದವು. ಹಾಡಿನ ಅವಧಿ ಹಿಗ್ಗುತ್ತಾ ಹೋಗಿ, ವೇದಿಕೆಯ ಮೇಲಿನ ಹಿರಿಯರು ನಿಂತೇ ದಣಿಯುವಂತಾಯಿತು ಎಂಬ ದೂರೂ ಇತ್ತು. ಹಿರಿಯ ಗಾಯಕಿ ಎಚ್.ಆರ್. ಲೀಲಾವತಿ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಅಧಿಕೃತಗೊಳಿಸಿ, 2 ನಿಮಿಷ 30 ಸೆಕೆಂಡಿನ ಅವಧಿ ಗೊತ್ತುಪಡಿಸಿತು. ಇದನ್ನು ಪ್ರಶ್ನಿಸಿ ಸುಗಮ ಸಂಗೀತ ಗಾಯಕರೊಬ್ಬರು ಸಲ್ಲಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ತಳ್ಳಿಹಾಕಿತು. ಹಾಡಿನ ಸಂಯೋಜಕನ ಹೆಸರು ಸರ್ಕಾರಿ ಆದೇಶದಲ್ಲಿ ದಾಖಲಾದ ಅಪರೂಪದ ಸಂದರ್ಭ ಇದು. ಉಳಿದ ಸಾವಿರಾರು ಭಾವಗೀತೆಗಳಿಗೆ ಆ ಭಾಗ್ಯವಿಲ್ಲ.

ಒಂದು ಜಿಲ್ಲೆಯ ಹಾಡಿನ ನಕ್ಷೆ

ಶಿವಮೊಗ್ಗ ಜಿಲ್ಲೆ ಭಾವಗೀತೆಗೆ ಕೊಟ್ಟದ್ದು ಸುಬ್ಬಣ್ಣ ಒಬ್ಬರನ್ನೇ ಅಲ್ಲ. ನಗರದೊಳಗಿನಿಂದ ಹೊರಟು, ರೈಲ್ವೆ ಹಳಿ ದಾಟಿ, ನವುಲೆಯ ಎಂಜಿನಿಯರಿಂಗ್ ಕಾಲೇಜು ಮತ್ತು ಕ್ರಿಕೆಟ್ ಮೈದಾನಗಳನ್ನು ಹಾದು ಹೋಗುವ ಸವಳಂಗ ರಸ್ತೆ ಮುಂದೆ ಶಿಕಾರಿಪುರದತ್ತ ಸಾಗುತ್ತದೆ. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪ (1926–2013) ಅವರ ಹುಟ್ಟುನೆಲ ಆ ಶಿಕಾರಿಪುರ ತಾಲ್ಲೂಕು. ರಸ್ತೆಗೆ ಹೆಸರು ಕೊಟ್ಟ ಸವಳಂಗ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳೊಡನೆ ಆಚೆಗೆ ಹೋಯಿತು. ಆ ಚನ್ನಗಿರಿ ತಾಲ್ಲೂಕಿನ ಹೋದಿಗ್ಗೆರೆ ಎಚ್.ಎಸ್. ವೆಂಕಟೇಶಮೂರ್ತಿ (1944–2025) ಅವರ ಊರು. ಕುವೆಂಪು, ಶಿವರುದ್ರಪ್ಪ, ಲಕ್ಷ್ಮೀನಾರಾಯಣ ಭಟ್ಟ, ವೆಂಕಟೇಶಮೂರ್ತಿ: ಭಾವಗೀತೆಯ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ಪದೇಪದೇ ಕಾಣುವ ನಾಲ್ಕು ಹೆಸರುಗಳೂ ಹಳೆಯ ಶಿವಮೊಗ್ಗ ಜಿಲ್ಲೆಯವೇ.

ಇವರ ಕವಿತೆಗಳನ್ನು ಮಲೆನಾಡಿನ ಅಡಿಕೆ ತೋಟಗಳ ಮನೆಗಳಿಗೂ ಕಬ್ಬಿಣದ ಕಾರ್ಖಾನೆಯ ವಸತಿಗೃಹಗಳಿಗೂ ತಲುಪಿಸಿದ್ದರಲ್ಲಿ ಭದ್ರಾವತಿ ಆಕಾಶವಾಣಿಯ ಪಾಲು ದೊಡ್ಡದು. 1965ರಲ್ಲಿ ಆರಂಭವಾದ ಈ ಕೇಂದ್ರದ ಸುಗಮ ಸಂಗೀತದ ಹೊತ್ತಿಗೆ ರೇಡಿಯೋ ಕಿವಿ ತಿರುಗಿಸುವುದು ಅನೇಕರ ದಿನಚರಿಯಾಗಿತ್ತು. ಹಾಡಿನ ಮೊದಲು ಕವಿಯ ಹೆಸರು, ಸಂಯೋಜಕರ ಹೆಸರು, ಗಾಯಕರ ಹೆಸರು ಮೂರನ್ನೂ ಹೇಳುವ ಉದ್ಘೋಷಕರ ಶಿಸ್ತನ್ನು ಇಲ್ಲಿ ಸ್ಮರಿಸಬೇಕು. ಆ ಶಿಸ್ತು ಮುಂದೆ ಬಂದ ಯಾವ ಮಾಧ್ಯಮಕ್ಕೂ ಪೂರ್ತಿ ದಕ್ಕಲಿಲ್ಲ.

ತಟ್ಟೆ ಹಿಗ್ಗಿತು, ಹೆಸರು ಕುಗ್ಗಿತು

ಅಡಕಮುದ್ರಿಕೆ ಅಥವಾ ಸಿ.ಡಿ. ಬಂದಾಗ ಒಂದೇ ತಟ್ಟೆಯಲ್ಲಿ 74ರಿಂದ 80 ನಿಮಿಷದ ಹಾಡು ಹಿಡಿಯತೊಡಗಿತು. ಮಗ್ಗುಲು ಬದಲಿಸುವ ಕೆಲಸ ತಪ್ಪಿತು. ಅದರ ಹಿಂದೆಯೇ ಬಂದ ಎಂ.ಪಿ.3 ತಟ್ಟೆ ಲೆಕ್ಕವನ್ನೇ ಬುಡಮೇಲು ಮಾಡಿತು. 700 ಮೆಗಾಬೈಟ್ ಸಾಮರ್ಥ್ಯದ ಅದೇ ಅಳತೆಯ ತಟ್ಟೆಯಲ್ಲಿ, ನಿಮಿಷಕ್ಕೆ ಸುಮಾರು ಒಂದು ಮೆಗಾಬೈಟ್ ಎಂದು ಹಿಡಿದರೂ, ಹನ್ನೊಂದು ಗಂಟೆಗೂ ಹೆಚ್ಚಿನ ಹಾಡು. ಹತ್ತು ಹನ್ನೊಂದು ಕ್ಯಾಸೆಟ್ಟುಗಳು ಒಂದು ತಟ್ಟೆಗೆ ಇಳಿದವು. 2000ದ ದಶಕದಲ್ಲಿ ಬಸ್ ನಿಲ್ದಾಣಗಳ ಅಂಗಡಿಗಳಲ್ಲಿ ನೇತಾಡುತ್ತಿದ್ದ ಭಾವಗೀತೆ, ಜನಪದ ಗೀತೆ, ಭಕ್ತಿಗೀತೆಗಳ ಕೂಟ ಸಂಗ್ರಹಗಳು ಈ ಕಾಲದ ಕೂಸುಗಳು.

ಕೇಳುಗನಿಗೆ ಅಗ್ಗವಾಯಿತು, ನಿಜ. ಆದರೆ ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಹತ್ತು ಹಾಡಿಗೆ ಜಾಗವಿದ್ದ ವಿವರ, ನೂರು ಹಾಡಿನ ಹೊದಿಕೆಯಲ್ಲಿ ಹಿಡಿಯಲಿಲ್ಲ. ಮೊದಲು ಜಾರಿದ್ದು ವಾದ್ಯಗಾರರ ಹೆಸರು, ಆಮೇಲೆ ಹಾಡುಹಾಡಿಗೆ ಬೇರೆಯಾದ ಗಾಯಕರ ಹೆಸರು. 'ಅಶ್ವತ್ಥ್, ಸುಬ್ಬಣ್ಣ ಮತ್ತಿತರರು' ಎಂಬ ಒಂದು ಸಾಲಿನಲ್ಲಿ ಹಲವರ ಜೀವಮಾನದ ದುಡಿಮೆ ಮುಗಿದುಹೋಯಿತು. ಕೆಲವೆಡೆ ಕವಿಯ ಹೆಸರೂ ಬಿಟ್ಟುಹೋಗಿ, ಬಲ್ಲ ಕವಿಯ ರಚನೆ ಜನಪದ ಗೀತೆಯ ಸಾಲಿಗೆ ಸೇರಿದ್ದೂ ಉಂಟು.

ಅಂತರ್ಜಾಲದ ಹಾಡಿನ ಪಟ್ಟಿಗಳು ಈ ಗೊಂದಲವನ್ನು ಆನುವಂಶಿಕವಾಗಿ ಪಡೆದವು. ರಾಷ್ಟ್ರಪ್ರಶಸ್ತಿಯ ಪಟ್ಟಿಯಲ್ಲಿ ಇಂಗ್ಲಿಷ್ ಕಾಗುಣಿತದ 'ಶಿಮೋಗ ಸುಬ್ಬಣ್ಣ'. 2014ರ ನವೆಂಬರ್ 1ರಂದು ಊರಿನ ಅಧಿಕೃತ ಇಂಗ್ಲಿಷ್ ಹೆಸರು ಬದಲಾದ ಮೇಲೆ 'ಶಿವಮೊಗ್ಗ ಸುಬ್ಬಣ್ಣ'. ಕೆಲವು ಹಳೆಯ ಹೊದಿಕೆಗಳಲ್ಲಿ ಜಿ. ಎಂಬ ಇನಿಷಿಯಲ್ ಸಹಿತ. ಗಣಕಯಂತ್ರದ ದೃಷ್ಟಿಯಲ್ಲಿ ಇವರು ಬೇರೆಬೇರೆ ವ್ಯಕ್ತಿಗಳು. ಒಂದು ಹೆಸರಿನಡಿ ಹುಡುಕಿದವರಿಗೆ ಇನ್ನೊಂದು ಹೆಸರಿನ ಹಾಡುಗಳು ಕಾಣುವುದಿಲ್ಲ; ಕೇಳುವಿಕೆಯ ಎಣಿಕೆಯೂ ಹೋಳಾಗುತ್ತದೆ. ಎಣಿಕೆಯ ಮೇಲೆ ಸಂಭಾವನೆ ನಿಂತಿರುವ ವ್ಯವಸ್ಥೆಯಲ್ಲಿ ಕಾಗುಣಿತ ಕೇವಲ ಭಾಷಾಶುದ್ಧಿಯ ಪ್ರಶ್ನೆಯಲ್ಲ.

ಯಾರ ಹಾಡು, ಯಾರ ಹಕ್ಕು

ಸುಬ್ಬಣ್ಣ ಅವರ ಹಾಡುಗಳ ಸಮಗ್ರ ಸಂಪುಟವನ್ನು ಯಾರಾದರೂ ಹೊರತರುವುದಾದರೆ ಎಷ್ಟು ಬಾಗಿಲು ತಟ್ಟಬೇಕಾದೀತು? 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯಕ್ಕೆ ಒಂದು ಹಕ್ಕು, ಸಂಗೀತಕ್ಕೆ ಪ್ರತ್ಯೇಕ ಹಕ್ಕು, ಧ್ವನಿಮುದ್ರಣಕ್ಕೆ ಮತ್ತೊಂದು. ಸಂಗೀತ ಕೃತಿ ಎಂದರೆ ಪದಗಳನ್ನು ಬಿಟ್ಟ ಬರಿಯ ಸಂಗೀತ, ಅದರ ಕರ್ತೃ ಸಂಯೋಜಕ ಎಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಮರಣದ ನಂತರ 60 ವರ್ಷ. ಧ್ವನಿಮುದ್ರಣದ್ದು ಪ್ರಕಟಣೆಯ ನಂತರ 60 ವರ್ಷ. ಎರಡನ್ನೂ ಮುಂದಿನ ಕ್ಯಾಲೆಂಡರ್ ವರ್ಷದ ಆರಂಭದಿಂದ ಎಣಿಸಬೇಕು.

ಈ ಲೆಕ್ಕವನ್ನು ಹಾಡುಗಳಿಗೆ ಅನ್ವಯಿಸಿದರೆ ಚಿತ್ರ ಕುತೂಹಲಕರ. ಶರೀಫರು 1889ರಲ್ಲಿ ತೀರಿಕೊಂಡವರು. ಅವರ ಪದಗಳು ಎಂದೋ ಸಾರ್ವಜನಿಕ ಸ್ವತ್ತು. ಆದರೆ ಅವುಗಳಿಗೆ ಅಶ್ವತ್ಥ್ ಕಟ್ಟಿದ ಸ್ವತಂತ್ರ ಧಾಟಿಗಳ ಹಕ್ಕು 2069ರ ಕೊನೆಯವರೆಗೆ. 1994ರಲ್ಲಿ ನಿಧನರಾದ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ, ಅನಂತಸ್ವಾಮಿ ಅವರ ಸಂಗೀತಕ್ಕೆ 2055ರ ಕೊನೆಯವರೆಗೆ. 1978ರಲ್ಲಿ ಪ್ರಕಟವಾದ ಧ್ವನಿಸುರುಳಿಯ ಮುದ್ರಣ ಮಾತ್ರ 2038ರ ಕೊನೆಗೇ ಬಂಧಮುಕ್ತ. ಅಂದರೆ ಮುದ್ರಣ ಎಲ್ಲರ ಸ್ವತ್ತಾದ ಮೇಲೂ ಅದರೊಳಗಿನ ಕವಿತೆ, ಧಾಟಿಗಳಿಗೆ ಅನುಮತಿ ಬೇಕಾಗುವ ವಿಚಿತ್ರ ಸ್ಥಿತಿ ದಶಕಗಳ ಕಾಲ ಮುಂದುವರಿಯಲಿದೆ.

ಗಾಯಕನಿಗೆ ಈ ಕಾಯಿದೆ ಮೊದಲು ಏನನ್ನೂ ಕೊಟ್ಟಿರಲಿಲ್ಲ. ಹಾಡಿದ ದಿನ ಕೈಗೆ ಬಂದ ಸಂಭಾವನೆಯೇ ಮೊದಲು ಮತ್ತು ಕಡೆ. ಪ್ರದರ್ಶಕನ ಹಕ್ಕು ಎಂಬ ಕಲ್ಪನೆ ಸೇರಿದ್ದು 1994ರ ತಿದ್ದುಪಡಿಯಲ್ಲಿ. ತನ್ನ ಪ್ರದರ್ಶನದ ಕರ್ತೃವೆಂದು ಗುರುತಿಸಿಕೊಳ್ಳುವ ನೈತಿಕ ಹಕ್ಕು ಸೇರಿದ್ದು 2012ರಲ್ಲಿ. ವಕೀಲರೂ ಆಗಿದ್ದ ಸುಬ್ಬಣ್ಣ ಅವರ ಪ್ರಮುಖ ಧ್ವನಿಮುದ್ರಣಗಳೆಲ್ಲ ಬಹುತೇಕ ಇದಕ್ಕೂ ಮೊದಲಿನವು ಎಂಬುದು ವಿಪರ್ಯಾಸ.

ಮಳೆಗಾಲ ಮತ್ತು ಸುರುಳಿ

ಹಕ್ಕಿನ ತೊಡಕು ಬಿಡಿಸುವ ಹೊತ್ತಿಗೆ ಸುರುಳಿ ಉಳಿದಿರಬೇಕಲ್ಲ! ಕ್ಯಾಸೆಟ್ಟಿನ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಪುಡಿಯನ್ನು ಅಂಟಿಸಿರುವ ಅಂಟು ತೇವ ಹೀರಿ ಸಡಿಲವಾಗುತ್ತದೆ. ಮಲೆನಾಡಿನಂಥ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಬೀರುವಿನೊಳಗಿನ ಸುರುಳಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಬಿಳಿ ಪುಡಿ ಕಂಡ ಸುರುಳಿಯನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಯಂತ್ರದ ತಲೆಯೂ ಕೆಡುತ್ತದೆ, ಮುಂದೆ ಹಾಕುವ ಸುರುಳಿಗೂ ಬೂಷ್ಟು ಹರಡುತ್ತದೆ. ಸುರುಳಿಯೊಳಗಿನ ಪುಟ್ಟ ಒತ್ತುಪಟ್ಟಿ ಕಳಚಿ ಬಿದ್ದರೆ ದನಿ ಮಂಕಾಗುತ್ತದೆ. ಪಟ್ಟಿ ಕೆಟ್ಟಿತೆಂದು ಎಸೆಯಬೇಕಿಲ್ಲ, ಬೇರೆ ಡಬ್ಬಿಗೆ ಸುರುಳಿಯನ್ನು ವರ್ಗಾಯಿಸಿದರೆ ಸಾಕು.

ಗಣಕಕ್ಕೆ ಇಳಿಸುವವರು ನೇರವಾಗಿ ಎಂ.ಪಿ.3 ಮಾಡಿಕೊಳ್ಳುವುದು ಸಾಮಾನ್ಯ ಅಭ್ಯಾಸ. ಎಂ.ಪಿ.3 ಕಡತವನ್ನು ಕುಗ್ಗಿಸುವಾಗ ದನಿಯ ಕೆಲವು ಅಂಶಗಳನ್ನು ಶಾಶ್ವತವಾಗಿ ಬಿಟ್ಟುಬಿಡುತ್ತದೆ. ಧ್ವನಿ ಸಂಗ್ರಹಾಲಯಗಳು ಅನುಸರಿಸುವ ಕ್ರಮ ಬೇರೆ: ಮೊದಲು ಕುಗ್ಗಿಸದ ವೇವ್ ರೂಪದಲ್ಲಿ, 24 ಬಿಟ್, 96 ಕಿಲೋಹರ್ಟ್ಸ್ ಪ್ರಮಾಣದಲ್ಲಿ ಮೂಲಪ್ರತಿ; ಕೇಳಲು ಬೇಕಾದರೆ ಅದರಿಂದ ಎಂ.ಪಿ.3 ಪ್ರತಿ. ಯಂತ್ರದ ತಲೆಯ ಕೋನವನ್ನು ಒಂದೊಂದು ಸುರುಳಿಗೂ ಹೊಂದಿಸಿಕೊಳ್ಳದಿದ್ದರೆ ಮೇಲಿನ ಸ್ವರಗಳು ಮಸುಕಾಗುತ್ತವೆ. ಸುಬ್ಬಣ್ಣ ಅವರಂಥ ಏರುಶ್ರುತಿಯ ಗಾಯಕರ ಹಾಡಿನಲ್ಲಿ ಈ ನಷ್ಟ ಎದ್ದು ಕೇಳಿಸುತ್ತದೆ.

ಸುರುಳಿಯಷ್ಟೇ ಮುಖ್ಯವಾದುದು ಅದರ ಡಬ್ಬಿಯೊಳಗಿನ ಮಡಿಸಿದ ಹಾಳೆ. ಯಾವ ಹಾಡಿಗೆ ಯಾರ ಸಾಹಿತ್ಯ, ಯಾರ ಧಾಟಿ, ಯಾರ ದನಿ, ಯಾವ ವರ್ಷ ಎಂಬುದು ಎಂ.ಪಿ.3 ತಟ್ಟೆಗಳಲ್ಲಿ ಕಳೆದುಹೋದ ಮೇಲೆ, ಅನೇಕ ಹಾಡುಗಳ ಪಾಲಿಗೆ ಆ ಹಾಳೆಯೇ ದಾಖಲೆ. ಹಳೆ ಸಾಮಾನಿನವರಿಗೆ ಕ್ಯಾಸೆಟ್ಟಿನ ಪೆಟ್ಟಿಗೆ ಕೊಡುವ ಮುನ್ನ ಆ ಹಾಳೆಗಳ ಎರಡೂ ಬದಿಯ ಚಿತ್ರ ತೆಗೆದು, ಕಡತದ ಹೆಸರಿನಲ್ಲೇ ಕವಿ, ಸಂಯೋಜಕ, ಗಾಯಕ ಮೂವರನ್ನೂ ನಮೂದಿಸಿ ಇಡುವುದಕ್ಕೆ ಯಾವ ಕಾಯಿದೆಯ ಅನುಮತಿಯೂ ಬೇಕಿಲ್ಲ.